ರವೀಶ್ ಕುಮಾರ್ ರಾಜೀನಾಮೆ: ತಪ್ಪು ಯಾರದು?

ನಮ್ಮ ಮನೆಮಾತು ಉರ್ದು. ಹಾಗಾಗಿ ರವೀಶ್ ಕುಮಾರ್ ಅವರ ಹಿಂದಿ ನಮಗೆ ಸಲೀಸಾಗಿ ತಿಳಿಯುತ್ತದೆ. ಇಂಗಳೇಶ್ವರದಂಥ ಊರಲ್ಲೂ ಅವರನ್ನು ಹೊಗಳುವವರು, ಬೈಯುವವರು ಇಬ್ಬರೂ ಇದ್ದಾರೆ. 2022ರ ನವೆಂಬರ್ 30ರಂದು ಅವರು ಎನ್‌ಡಿಟಿವಿಗೆ ರಾಜೀನಾಮೆ ಕೊಟ್ಟರು. ಹೊಗಳುವವರು 'ಅದಾನಿ ಓಡಿಸಿದರು' ಎನ್ನುತ್ತಾರೆ, ಬೈಯುವವರು 'ಯಾರೂ ಹೋಗು ಅಂದಿಲ್ಲ, ತಾವೇ ಹೋದರು' ಎನ್ನುತ್ತಾರೆ. ಕಾಮರ್ಸ್ ಓದುವ ನನಗೆ ಎರಡೂ ಅರ್ಧ ಉತ್ತರ ಅನಿಸುತ್ತವೆ. ಲೆಕ್ಕ 2009ರಿಂದ ಶುರುವಾಗಬೇಕು.

ಎನ್‌ಡಿಟಿವಿ ಸ್ಥಾಪಕರು ರಾಧಿಕಾ ರಾಯ್ ಮತ್ತು ಪ್ರಣಯ್ ರಾಯ್. ಚಾನೆಲ್‌ನ ಶೇ. 29.18 ಶೇರುಗಳು ಆರ್‌ಆರ್‌ಪಿಆರ್ ಎಂಬ ಅವರದೇ ಕಂಪನಿಯ ಹೆಸರಲ್ಲಿದ್ದವು. ಹಳೆಯ ಬ್ಯಾಂಕ್ ಸಾಲ ತೀರಿಸಲು ಈ ಕಂಪನಿ ವಿಸಿಪಿಎಲ್ ಎಂಬ ಇನ್ನೊಂದು ಕಂಪನಿಯಿಂದ ಸುಮಾರು 403 ಕೋಟಿ ರೂಪಾಯಿ ತೆಗೆದುಕೊಂಡಿತು. ಬಡ್ಡಿ ಇಲ್ಲ! ಬಡ್ಡಿ ಇಲ್ಲದ ಸಾಲ ಎಂದರೆ ನಮ್ಮ ಮನೆಗಳಲ್ಲಿ ಒಳ್ಳೆಯದೇ ಅನ್ನುತ್ತಾರೆ. ಆದರೆ ಇಲ್ಲಿ ಬಡ್ಡಿಯ ಜಾಗದಲ್ಲಿ ವಾರಂಟ್ ಇತ್ತು. ವಾರಂಟ್ ಎಂದರೆ ಸಾಲವನ್ನು ಮುಂದೆ ಶೇರುಗಳಾಗಿ ಬದಲಾಯಿಸಿಕೊಳ್ಳುವ ಹಕ್ಕು. ಬಡ್ಡಿ ಕೇಳದೆ ದುಡ್ಡು ಕೊಟ್ಟು, 'ನಾನು ಬೇಕೆಂದ ದಿನ ಹೊಲ ನನ್ನ ಹೆಸರಿಗೆ' ಎಂದು ಬರೆಸಿಕೊಂಡ ಹಾಗೆ.

2022ರ ಆಗಸ್ಟ್‌ನಲ್ಲಿ ಅದಾನಿ ಸಮೂಹ ಕೊಂಡದ್ದು ಚಾನೆಲನ್ನಲ್ಲ, ಈ ವಿಸಿಪಿಎಲ್ ಅನ್ನು. ಕೊಂಡ ಕೂಡಲೇ ವಾರಂಟ್ ಹೊರತೆಗೆಯಿತು. ತಮ್ಮನ್ನು ಕೇಳದೆ ಹೀಗಾಯಿತೆಂದು ಎನ್‌ಡಿಟಿವಿ ಹೇಳಿತು. ಆದರೆ ಕಾಗದ ಇತ್ತಲ್ಲ! ಒಂದು ಲಿಸ್ಟೆಡ್ ಕಂಪನಿಯಲ್ಲಿ ಶೇ. 25 ಪಾಲು ಕೈಗೆ ಬಂದರೆ, ಉಳಿದ ಶೇರುದಾರರಿಂದ ಇನ್ನೂ ಶೇ. 26 ಕೊಳ್ಳಲು ಓಪನ್ ಆಫರ್ ಕೊಡಬೇಕು ಎಂಬುದು ಸೆಬಿ ನಿಯಮ. ಅದೂ ನಡೆಯಿತು. ನವೆಂಬರ್ 29ರಂದು ರಾಯ್ ದಂಪತಿ ಆರ್‌ಆರ್‌ಪಿಆರ್ ಮಂಡಳಿ ಬಿಟ್ಟರು, ಮರುದಿನ ರವೀಶ್. ಡಿಸೆಂಬರ್ ಕೊನೆಗೆ ರಾಯ್ ದಂಪತಿ ತಮ್ಮ ಬಳಿ ಉಳಿದಿದ್ದರಲ್ಲಿ ಶೇ. 27.26 ಶೇರುಗಳನ್ನೂ ಅದಾನಿ ಸಮೂಹಕ್ಕೇ ಮಾರಿದರು. ರವೀಶ್ ಅಭಿಮಾನಿಗಳು ಈ ಸಾಲನ್ನು ಬಿಟ್ಟೇ ಕಥೆ ಹೇಳುತ್ತಾರೆ.

ಹಾಗಾದರೆ ಕೊಂಡವರದು ಏನೂ ಇಲ್ಲವೇ? ಇದೆ. ಸರ್ಕಾರವನ್ನು ಪ್ರಶ್ನಿಸುತ್ತಿದ್ದ ಚಾನೆಲ್ ಅಷ್ಟು ದೊಡ್ಡ ಉದ್ಯಮದ ಕೈಗೆ ಹೋದ ಮೇಲೆ ಅಲ್ಲಿ ಮೊದಲಿನಂತೆ ಮಾತಾಡಬಹುದೆಂದು ನಂಬುವುದು ರವೀಶ್‌ಗೆ ಕಷ್ಟವೇ. ಆದರೆ ನನ್ನ ಲೆಕ್ಕದಲ್ಲಿ ಮೊದಲ ಹೆಸರು 2009ರಲ್ಲಿ ಸಹಿ ಹಾಕಿದವರದು.

ನಮ್ಮ ರಾಜ್ಯದಲ್ಲೂ ಹೆಸರಾದವರು ರಾಜೀನಾಮೆ ಕೊಟ್ಟಿದ್ದಾರೆ. 2010ರ ಕೊನೆಯಲ್ಲಿ ಸಂಪಾದಕ ವಿಶ್ವೇಶ್ವರ ಭಟ್, ಅಂಕಣಕಾರ ಪ್ರತಾಪ್ ಸಿಂಹ 'ವಿಜಯ ಕರ್ನಾಟಕ' ಬಿಟ್ಟರು. ಸಿಂಹ ಅವರ ಬರಹ ಮೆಚ್ಚುವವರು ನಮ್ಮ ಮನೆಯಲ್ಲಿಲ್ಲ, ಅದು ಬೇರೆ ಮಾತು. ಮರುವರ್ಷ ಇಬ್ಬರೂ 'ಕನ್ನಡಪ್ರಭ'ದಲ್ಲಿದ್ದರು. ರವೀಶ್ 1996ರಿಂದ ಒಂದೇ ಸಂಸ್ಥೆಯಲ್ಲಿ ದುಡಿದವರು, 2019ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅವರು ಹೋದದ್ದು ಇನ್ನೊಂದು ದೊಡ್ಡ ಚಾನೆಲ್‌ಗಲ್ಲ, ಯೂಟ್ಯೂಬ್‌ಗೆ.