ಮಾತೃಕೆಯನ್ನು ಹಿಗ್ಗಿಸುವ ಎರಡು ಮಾರ್ಗಗಳು

ಹೊಲಿಗೆಯ ತರಗತಿಯಲ್ಲಿ ಚೌಕುಳಿ ಕಾಗದದ ಮೇಲೆ ಚಿಕ್ಕದೊಂದು ಹೂವಿನ ನಮೂನೆಯನ್ನು ಬರೆದುಕೊಂಡು, ಅದನ್ನು ದೊಡ್ಡ ಬಟ್ಟೆಯ ಮೇಲೆ ಹಾಕಬೇಕಾದಾಗ ನಮ್ಮ ಮುಂದೆ ಎರಡು ಮಾರ್ಗಗಳಿರುವುವು. ಅದೇ ಹೂವನ್ನು ಮಗ್ಗುಲಲ್ಲಿಯೂ ಕೆಳಗೂ ಮತ್ತೆ ಮತ್ತೆ ಹಾಕಿ ಬಟ್ಟೆಯನ್ನು ತುಂಬಬಹುದು. ಇಲ್ಲವೆ ನಮೂನೆಯ ಒಂದೊಂದು ಚೌಕಕ್ಕೂ ನಾಲ್ಕು ನಾಲ್ಕು ಚೌಕಗಳನ್ನು ಹೊಲಿದು, ಒಂದೇ ಹೂವನ್ನು ದೊಡ್ಡದಾಗಿ ಅರಳಿಸಬಹುದು. ಎರಡರಲ್ಲಿಯೂ ಹೊಲಿಗೆಗಳ ಎಣಿಕೆ ಸಮವಾಗಿರಬಹುದು. ಆದರೆ ಬಟ್ಟೆಯ ಮೇಲೆ ಮೂಡುವ ಚಿತ್ರವು ಒಂದೇ ಅಲ್ಲ. ಗಣಕಯಂತ್ರದಲ್ಲಿ ಸಂಖ್ಯೆಗಳ ಕೋಷ್ಟಕವನ್ನು ದೊಡ್ಡದು ಮಾಡುವಾಗಲೂ ಇದೇ ಭೇದವು ತಲೆದೋರುವುದು. ಇದನ್ನು ಗಮನಿಸದವರ ಲೆಕ್ಕವು ಹೇಗೆ ಸದ್ದಿಲ್ಲದೆ ಕೆಡುವುದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಸಂಖ್ಯೆಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಚೌಕಟ್ಟಿಗೆ ಮಾತೃಕೆಯೆಂದು ಹೆಸರು. ಆಂಗ್ಲ ಗಣಿತಜ್ಞನಾದ ಸಿಲ್ವೆಸ್ಟರನು ೧೮೫೦ರಲ್ಲಿ ಇದನ್ನು ಮ್ಯಾಟ್ರಿಕ್ಸ್ ಎಂದು ಕರೆದನು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಗರ್ಭವೆಂಬ ಅರ್ಥವುಂಟಾದುದರಿಂದ ಮಾತೃಕೆಯೆಂಬ ನಮ್ಮ ಹೆಸರು ಒಪ್ಪುವಂತಹದೇ ಆಗಿದೆ. ಉದಾಹರಣೆಗಾಗಿ ನಾಲ್ಕೇ ಅಂಶಗಳುಳ್ಳ ಮಾತೃಕೆಯೊಂದನ್ನು ತೆಗೆದುಕೊಳ್ಳೋಣ:

೧ ೨
೩ ೪

ಇದನ್ನು ಅಡ್ಡಕ್ಕೂ ಉದ್ದಕ್ಕೂ ಇಮ್ಮಡಿಯಾಗಿ ಹಿಗ್ಗಿಸಬೇಕಾಗಿದೆ. ಮಾತೃಕೆಯನ್ನು ಇಡಿಯಾಗಿ ಪುನರಾವರ್ತಿಸಿದರೆ,

೧ ೨ ೧ ೨
೩ ೪ ೩ ೪
೧ ೨ ೧ ೨
೩ ೪ ೩ ೪

ಎಂದಾಗುವುದು. ಒಂದೊಂದು ಅಂಶವನ್ನೂ ಅದರದರ ಸ್ಥಾನದಲ್ಲಿಯೇ ಪುನರಾವರ್ತಿಸಿದರೆ,

೧ ೧ ೨ ೨
೧ ೧ ೨ ೨
೩ ೩ ೪ ೪
೩ ೩ ೪ ೪

ಎಂದಾಗುವುದು. ಎರಡರಲ್ಲಿಯೂ ಅಂಶಗಳು ಹದಿನಾರೇ. ಎರಡರ ಮೊತ್ತವೂ ೪೦ ಆಗಿರುವುದು.

ಗಣಕಯಂತ್ರಕ್ಕೆ ಈ ಎರಡು ಕೆಲಸಗಳನ್ನೂ ಹೇಳಲು ಬೇರೆ ಬೇರೆ ಆಜ್ಞೆಗಳಿವೆ. ಮ್ಯಾಟ್‌ಲ್ಯಾಬ್ ಭಾಷೆಯಲ್ಲಿ ಮೊದಲನೆಯದಕ್ಕೆ ರೆಪ್‌ಮ್ಯಾಟ್, ಎರಡನೆಯದಕ್ಕೆ ರೆಪ್‌ಎಲೆಮ್ ಎಂಬ ಹೆಸರು. ಪೈಥಾನ್ ಭಾಷೆಯೊಡನೆ ಬಳಸುವ ನಂಪೈ ಎಂಬ ಭಂಡಾರದಲ್ಲಿ ಇವೇ ಕ್ರಮವಾಗಿ ಟೈಲ್ ಮತ್ತು ರಿಪೀಟ್ ಎನಿಸಿಕೊಳ್ಳುವುವು. ರಿಪೀಟ್ ಆಜ್ಞೆಯನ್ನು ಒಮ್ಮೆ ಅಡ್ಡಸಾಲುಗಳಿಗೂ ಇನ್ನೊಮ್ಮೆ ಕಂಬಸಾಲುಗಳಿಗೂ ಕೊಡಬೇಕು. ಯಾವ ದಿಕ್ಕಿಗೆಂಬುದನ್ನು ಹೇಳಲು ಮರೆತರೆ, ಅದು ಚೌಕಟ್ಟನ್ನೇ ಬಿಚ್ಚಿ ೧ ೧ ೨ ೨ ೩ ೩ ೪ ೪ ಎಂದು ಒಂದೇ ಸಾಲಾಗಿ ಹಿಂದಿರುಗಿಸುವುದು.

ಗಣಿತಜ್ಞರ ದೃಷ್ಟಿಯಲ್ಲಿ ಈ ಎರಡೂ ಒಂದೇ ಗುಣಾಕಾರದ ಎರಡು ರೂಪಗಳು. ಮೊದಲನೆಯ ಮಾತೃಕೆಯ ಒಂದೊಂದು ಅಂಶದಿಂದಲೂ ಎರಡನೆಯ ಮಾತೃಕೆಯನ್ನು ಪೂರ್ತಿಯಾಗಿ ಗುಣಿಸಿ, ಬಂದುದನ್ನು ಆ ಅಂಶದ ಸ್ಥಾನದಲ್ಲಿರಿಸುವ ಕ್ರಮಕ್ಕೆ ಕ್ರೋನೆಕರನ ಗುಣಲಬ್ಧವೆಂದು ಹೆಸರು. ಜರ್ಮನಿಯ ಕ್ರೋನೆಕರನ (೧೮೨೩–೧೮೯೧) ಹೆಸರು ಇದಕ್ಕೆ ಅಂಟಿಕೊಂಡಿದ್ದರೂ, ೧೮೫೮ರಲ್ಲಿಯೇ ತ್ಸೇಫುಸ್ ಎಂಬವನು ಇದನ್ನು ವಿವರಿಸಿದ್ದನು. ಎಲ್ಲ ಅಂಶಗಳೂ ಒಂದೇ ಆಗಿರುವ ಚೌಕಟ್ಟನ್ನು ಮುಂದಿಟ್ಟು ನಮ್ಮ ಮಾತೃಕೆಯನ್ನು ಹಿಂದಿಟ್ಟರೆ ಮಾತೃಕೆಯು ಇಡಿಯಾಗಿ ಪುನರಾವರ್ತಿಸುವುದು. ನಮ್ಮ ಮಾತೃಕೆಯನ್ನು ಮುಂದಿಟ್ಟರೆ ಅದರ ಅಂಶಗಳು ಒಂದೊಂದಾಗಿ ಹಿಗ್ಗುವುವು. ಸಾಮಾನ್ಯ ಸಂಖ್ಯೆಗಳ ಗುಣಾಕಾರದಲ್ಲಿ ಹಿಂದುಮುಂದಾದರೂ ಬಾಧಕವಿಲ್ಲ. ಇಲ್ಲಿಯಾದರೋ ಕ್ರಮವೇ ಸರ್ವಸ್ವವು.

ಇಷ್ಟು ಸೂಕ್ಷ್ಮ ಭೇದದಿಂದ ಆಗುವ ಹಾನಿಯೇನೆಂದು ವಾಚಕರು ಕೇಳಬಹುದು. ಸುಶೀಲೆ, ಮೇರಿ ಎಂಬಿಬ್ಬರು ಬಾಲಿಕೆಯರು ಎರಡೆರಡು ಪರೀಕ್ಷೆಗಳನ್ನು ಬರೆದರೆಂದು ಭಾವಿಸೋಣ. ಸುಶೀಲೆಗೆ ೮೦, ೯೦; ಮೇರಿಗೆ ೪೦, ೫೦ ಅಂಕಗಳು ಬಂದಿವೆ. ಅವು ೮೦, ೯೦, ೪೦, ೫೦ ಎಂದು ಒಂದೇ ಸಾಲಿನಲ್ಲಿವೆ. ಪ್ರತಿಯೊಂದರ ಎದುರಿಗೂ ಹೆಸರನ್ನು ಬರೆಯಲು ಹೆಸರುಗಳ ಸಾಲನ್ನು ಇಮ್ಮಡಿಯಾಗಿ ಹಿಗ್ಗಿಸಬೇಕು. ಅಂಶಾಂಶವಾಗಿ ಹಿಗ್ಗಿಸಿದರೆ ಸುಶೀಲೆ, ಸುಶೀಲೆ, ಮೇರಿ, ಮೇರಿ ಎಂದಾಗಿ, ಅವರ ಸರಾಸರಿಗಳು ೮೫ ಮತ್ತು ೪೫ ಎಂದು ಸರಿಯಾಗಿ ಬರುವುವು. ಇಡಿಯಾಗಿ ಪುನರಾವರ್ತಿಸಿದರೆ ಸುಶೀಲೆ, ಮೇರಿ, ಸುಶೀಲೆ, ಮೇರಿ ಎಂದಾಗಿ, ಸುಶೀಲೆಗೆ ೮೦ ಮತ್ತು ೪೦, ಮೇರಿಗೆ ೯೦ ಮತ್ತು ೫೦ ಸೇರುವುವು. ಆಗ ಸುಶೀಲೆಯ ಸರಾಸರಿ ೬೦, ಮೇರಿಯ ಸರಾಸರಿ ೭೦! ಮೊದಲನೆಯವಳು ಎರಡನೆಯವಳಾದಳು. ಒಟ್ಟು ಸರಾಸರಿಯನ್ನು ನೋಡಿದರೆ ಎರಡು ವಿಧದಲ್ಲಿಯೂ ೬೫; ಆದುದರಿಂದ ಮೊತ್ತವನ್ನು ತಾಳೆ ನೋಡಿದವನಿಗೂ ತಪ್ಪು ಸಿಕ್ಕದು. ಸಾಲಿನ ಉದ್ದವು ಸರಿಯಾಗಿರುವುದರಿಂದ ಯಂತ್ರವೂ ಎಚ್ಚರಿಕೆ ಕೊಡದು. ಯಂತ್ರವು ನಾವು ಹೇಳಿದುದನ್ನು ಮಾಡುವುದೇ ಹೊರತು, ನಾವು ಮನಸ್ಸಿನಲ್ಲಿಟ್ಟುಕೊಂಡುದನ್ನು ಅರಿಯದು.

ಇನ್ನೆರಡು ಸಂಗತಿಗಳನ್ನು ಮರೆಯಲಾಗದು. ಪುನರಾವರ್ತನೆಯಿಂದ ಗಾತ್ರವು ಬೆಳೆಯುವುದೇ ಹೊರತು ತಿಳಿವು ಬೆಳೆಯದು. ಚಿತ್ರವೊಂದರ ಪ್ರತಿಯೊಂದು ಬಿಂದುವನ್ನೂ ನಾಲ್ಕು ಮಾಡಿದರೆ ಚಿತ್ರವು ದೊಡ್ಡದಾಗಿ ಚೌಕಚೌಕವಾಗಿ ಕಾಣುವುದು. ಮೊದಲು ಕಾಣದಿದ್ದ ಕಣ್ಣಿನ ರೆಪ್ಪೆಯು ಆಗಲೂ ಕಾಣದು. ಎರಡನೆಯದಾಗಿ, ಗಾತ್ರಕ್ಕೆ ತಕ್ಕ ಸ್ಥಳವೂ ಬೇಕು. ಸಾವಿರ ಅಡ್ಡಸಾಲು, ಸಾವಿರ ಕಂಬಸಾಲುಗಳುಳ್ಳ ಮಾತೃಕೆಗೆ ಅಂಶವೊಂದಕ್ಕೆ ೮ ಬೈಟುಗಳಂತೆ ೮೦ ಲಕ್ಷ ಬೈಟುಗಳು ಸಾಕು. ಅದನ್ನು ಎರಡು ದಿಕ್ಕಿನಲ್ಲಿಯೂ ಹತ್ತರಷ್ಟು ಹಿಗ್ಗಿಸಿದರೆ ೮೦ ಕೋಟಿ ಬೈಟುಗಳು ಬೇಕಾಗುವುವು. ಆದುದರಿಂದ ನಂಪೈಯು ಅನೇಕ ಲೆಕ್ಕಗಳಲ್ಲಿ ಪ್ರತಿಗಳನ್ನು ನಿಜವಾಗಿ ಮಾಡದೆ, ಒಂದೇ ಸಾಲನ್ನು ಬೇಕಾದಷ್ಟು ಸಲ ಓದಿ ಕೆಲಸವನ್ನು ಮುಗಿಸುವುದು.

ಆದಕಾರಣ ದೊಡ್ಡ ಲೆಕ್ಕಕ್ಕೆ ಕೈಯಿಕ್ಕುವ ಮೊದಲು, ನಾಲ್ಕೇ ಅಂಶಗಳುಳ್ಳ ಮಾತೃಕೆಯನ್ನು ಕಾಗದದ ಮೇಲೆ ಕೈಯಿಂದ ಹಿಗ್ಗಿಸಿ, ಯಂತ್ರದ ಉತ್ತರವು ಅದರೊಡನೆ ಹೊಂದುವುದೋ ಎಂದು ನೋಡಬೇಕು. ಬಟ್ಟೆಗೆ ಸೂಜಿ ಚುಚ್ಚುವ ಮುನ್ನ ನಮೂನೆಯ ಚೌಕಗಳನ್ನು ಎಣಿಸುವ ಹುಡುಗಿಯು ಹೊಲಿದುದನ್ನು ಬಿಚ್ಚಬೇಕಾದ ಪ್ರಸಂಗ ವಿರಳ. ಗಣಕಯಂತ್ರದ ಮುಂದೆಯೂ ಅದೇ ಎಚ್ಚರವು ನಮ್ಮನ್ನು ಕಾಯುವುದು.