ಪರದೇಶದ ಅಲಗು, ನಮ್ಮೂರ ಹಿಡಿ

ಅಂಚೆಚೀಟಿ ಕೂಡಿಹಾಕುವವರನ್ನು ಕಂಡರೆ ಯಾರೂ ಬೆದರುವುದಿಲ್ಲ. ಹಳೆಯ ನಾಣ್ಯಗಳನ್ನು ಸಂಗ್ರಹಿಸುವವರಿಗೆ ವಿದ್ವಾಂಸರೆಂಬ ಗೌರವವೂ ಉಂಟು. ಆದರೆ ಮನೆಯ ಪಡಸಾಲೆಯಲ್ಲಿ ಕುಳಿತು ಖಡ್ಗವನ್ನು ಉಜ್ಜುತ್ತಿರುವ ಸಭ್ಯ ಗೃಹಸ್ಥನನ್ನು ಕಂಡರೆ ನೆರೆಹೊರೆಯವರು ಎರಡು ಹೆಜ್ಜೆ ಹಿಂದೆ ಸರಿಯುವುದು ಸಹಜ. ಪುರಾತನ ಖಡ್ಗಗಳ ಪ್ರತಿಕೃತಿಗಳನ್ನು ಕೊಂಡು, ಹಿಡಿಯನ್ನು ಬದಲಿಸಿ, ಅಲಗಿಗೆ ಹೊಳಪು ಕೊಟ್ಟು, ಹೊಸ ಒರೆಯನ್ನು ಮಾಡಿಸಿ, ಇತಿಹಾಸಕ್ಕೆ ಒಪ್ಪುವಂತೆ ತಿದ್ದಿಕೊಳ್ಳುವ ಹವ್ಯಾಸವೊಂದುಂಟು. ‘ಯುದ್ಧವಿಲ್ಲದ ಮನೆಯಲ್ಲಿ ಕತ್ತಿ ಏತಕ್ಕೆ?’ ಎಂದು ಗೃಹಿಣಿ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಅರಸುವವರು ಕಾರವಾರದ ಬಳಿಯ ಕದ್ವಾಡದವರೆಗೆ ಒಮ್ಮೆ ಬಂದು ನೋಡಬೇಕು.

ಕಾಳೀ ನದಿಯ ಸೆರಗಿನಲ್ಲಿರುವ ಕದ್ವಾಡ ಇಂದು ತೆಂಗು, ಗದ್ದೆಗಳ ನಡುವಣ ಶಾಂತ ಗ್ರಾಮ. ಕಾರವಾರವೆಂಬ ಹೆಸರು ಇದರಿಂದಲೇ ಬಂದಿತೆಂದು ಹೇಳುವುದು ವಾಡಿಕೆ. ಕಡಲ ತೀರದ ಇಂದಿನ ಪಟ್ಟಣ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದದ್ದು. ಹಳೆಯ ಕಾರವಾರ ನದಿಯ ದಂಡೆಯಲ್ಲಿದ್ದಿತು. ಸೋದೆಯ ಸೀಮೆಯ ಮೆಣಸಿನ ಕೀರ್ತಿಯನ್ನು ಕೇಳಿ ಆಂಗ್ಲ ವರ್ತಕರು 1638ರಲ್ಲಿ ಇಲ್ಲಿ ಕೋಠಿ ತೆರೆದರು. 1665ರಲ್ಲಿ ಶಿವಾಜಿ ಈ ತೀರಕ್ಕೆ ಬಂದಾಗ ಅದೇ ವರ್ತಕರು 112 ಪೌಂಡುಗಳನ್ನು ತೆತ್ತು ನಿಟ್ಟುಸಿರು ಬಿಟ್ಟರು. ನದಿಯ ಆಚೆ ದಂಡೆಯ ಗುಡ್ಡದ ಮೇಲೆ ಸೋದೆಯ ಅರಸರ ಸದಾಶಿವಗಡ. ಉತ್ತರಕ್ಕೆ, 1510ರಿಂದ ಪೋರ್ತುಗೀಸರ ವಶದಲ್ಲಿದ್ದ ಗೋವೆ. ಇಂತಹ ಪಶ್ಚಿಮ ತೀರದಲ್ಲಿ ಹಡಗಿನಿಂದ ಇಳಿದ ಸರಕುಗಳ ಪೈಕಿ ಯುರೋಪಿನ ಖಡ್ಗಗಳ ಅಲಗುಗಳೂ ಇದ್ದವು.

‘ಫಿರಂಗಿ’ ಎಂದೊಡನೆ ನಮಗೆ ಇಂದು ತೋಪು ನೆನಪಾಗುತ್ತದೆ. ಆದರೆ ಅದೇ ಹೆಸರಿನ ಖಡ್ಗವೂ ಒಂದುಂಟು. ಫಿರಂಗಿಯವರ ನಾಡಿನಿಂದ ಬಂದ, ಉದ್ದನೆಯ, ನೇರವಾದ ಅಲಗನ್ನು ನಮ್ಮ ಕುಶಲಿಗಳು ಹಾಗೆಯೇ ಬಳಸಲಿಲ್ಲ. ಅದರ ಬುಡಕ್ಕೆ ಎರಡೂ ಪಕ್ಕದಲ್ಲಿ ಕಬ್ಬಿಣದ ಪಟ್ಟಿಗಳನ್ನಿಟ್ಟು ಮೊಳೆ ಹೊಡೆದು ಬಲಪಡಿಸಿದರು. ಬೆರಳುಗಳನ್ನು ಕಾಯುವ ಅಗಲವಾದ ದೇಶೀಯ ಹಿಡಿಯನ್ನು ಜೋಡಿಸಿದರು. ಎರಡನೆಯ ಕೈಗೂ ಆಸರೆಯಾಗುವಂತೆ ಹಿಡಿಯ ತುದಿಯಲ್ಲಿ ಒಂದು ಮೊನೆಯನ್ನಿರಿಸಿದರು. ಹೀಗೆ ಪರದೇಶದ ಅಲಗು ಮರಾಠರ ಕೈಗೆ ಒಗ್ಗಿತು.

ಇದರ ಪ್ರಸಿದ್ಧ ನಿದರ್ಶನ ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಶಿವಾಜಿಯದೆಂದು ಹೇಳಲಾದ, ‘ಜಗದಂಬಾ’ ಎಂಬ ಹೆಸರಿನಿಂದ ಜನರು ಗುರುತಿಸುವ ಆ ಖಡ್ಗವು, 1875–76ರಲ್ಲಿ ವೇಲ್ಸಿನ ರಾಜಕುಮಾರನು ಭಾರತಕ್ಕೆ ಬಂದಾಗ ಕೊಲ್ಲಾಪುರದಿಂದ ಕಾಣಿಕೆಯಾಗಿ ಹೋದುದು. ಅದರ ಹಿಡಿಯ ಮೇಲೆ ಚಿನ್ನದ ಹೂಬಳ್ಳಿ. ಅಲಗಿನ ಮೇಲೆ ಯೇಸುವಿನ ನಾಮವನ್ನು ಸೂಚಿಸುವ ‘ಐ ಎಚ್ ಎಸ್’ ಎಂಬ ಮುದ್ರೆ ಮೂರು ಸಾರಿ! ಅಲಗಿನ ಮುದ್ರೆ ಒಂದು ಧರ್ಮದ್ದು, ಹೆಸರು ಇನ್ನೊಂದು ಧರ್ಮದ ದೇವಿಯದು. ಖಡ್ಗವನ್ನು ಬಿಚ್ಚಿ, ಬದಲಿಸಿ, ತನ್ನದಾಗಿಸಿಕೊಳ್ಳುವುದು ಇಂದಿನ ಹವ್ಯಾಸಿಗಳ ಹುಚ್ಚಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಸರಕು ಒಂದೇ ದಿಕ್ಕಿಗೆ ಹರಿಯಲಿಲ್ಲವೆಂಬುದನ್ನೂ ಮರೆಯಲಾಗದು. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ಉಕ್ಕಿನ ಮಾದರಿಗಳನ್ನು 1794ರಲ್ಲಿ ಮುಂಬಯಿಯಿಂದ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿಗೆ ಕಳುಹಿಸಿದನು. ಅಲ್ಲಿ ಅದು ‘ವೂಟ್ಜ್’ ಎಂದು ಹೆಸರಾಯಿತು. ಆ ಮಾತು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. ವಿದ್ಯುತ್ತಿನ ಶೋಧನೆಗಳಿಂದ ಖ್ಯಾತನಾದ ಮೈಕೇಲ್ ಫ್ಯಾರಡೆಯೂ 1819ರಲ್ಲಿ ಈ ಉಕ್ಕಿನ ವಿಶ್ಲೇಷಣೆಯನ್ನು ಪ್ರಕಟಿಸಿದನು.

ಇನ್ನು ಹವ್ಯಾಸದ ವಿಷಯಕ್ಕೆ ಬರೋಣ. ಪ್ರತಿಕೃತಿಗಳಲ್ಲಿ ಎರಡು ಜಾತಿ. ಒಂದು, ಗೋಡೆಯ ಅಲಂಕಾರಕ್ಕೆಂದೇ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದ್ದು. ಅದರ ಅಲಗಿನಿಂದ ಹಿಡಿಯೊಳಗೆ ಇಳಿಯುವ ಬಾಲವು ಬಹಳ ಸಪೂರ. ಬೀಸಿದರೆ ಅಲಗೇ ಕಳಚಿ ಹಾರೀತು. ಇನ್ನೊಂದು, ಮೂಲದ ತೂಕ, ಸಮತೋಲಗಳನ್ನು ಅನುಸರಿಸಿ ಇಂಗಾಲವುಳ್ಳ ಉಕ್ಕಿನಲ್ಲಿ ಮಾಡಿದ್ದು. 1943ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ವಿಂಡ್ಲಾಸ್ ಸಂಸ್ಥೆಯ ಪ್ರತಿಕೃತಿಗಳು ಹೊರದೇಶಗಳಿಗೂ ಹೋಗುತ್ತವೆ. ತಿದ್ದುವ ಶ್ರಮಕ್ಕೆ ತಕ್ಕುದು ಈ ಎರಡನೆಯ ಜಾತಿಯೇ.

ಕೆಲಸದ ಕ್ರಮ ಹೀಗೆ. ತಲವಾರಿನ ಟೊಳ್ಳು ಹಿಡಿಯಲ್ಲಿ ಅಲಗನ್ನು ಭದ್ರಪಡಿಸುತ್ತಿದ್ದುದು ಅರಗಿನಂತಹ ಅಂಟಿನಿಂದ. ಪ್ರತಿಕೃತಿಯಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದ್ದರೆ, ಹಿಡಿಯನ್ನು ಹದವಾಗಿ ಕಾಯಿಸಿದಾಗ ಅರಗು ಮೆದುವಾಗಿ ಅಲಗು ಹೊರಬರುತ್ತದೆ. ಕಾರ್ಖಾನೆಯ ಕಣ್ಣು ಕೋರೈಸುವ ಹೊಳಪನ್ನು ನಯವಾದ ಮರಳು ಕಾಗದದಿಂದ, ಒಂದೇ ದಿಕ್ಕಿನಲ್ಲಿ, ತಾಳ್ಮೆಯಿಂದ ಇಳಿಸಬೇಕು. ಮೇಲೆ ವಿನೆಗರ್ ಸವರಿದರೆ ಇಂಗಾಲದ ಉಕ್ಕು ಬೂದುಬಣ್ಣಕ್ಕೆ ತಿರುಗಿ ಹಳೆಯದರ ಗಾಂಭೀರ್ಯವನ್ನು ಪಡೆಯುತ್ತದೆ. ಒಡನೆಯೇ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಗಾಂಭೀರ್ಯ ಹೋಗಿ ತುಕ್ಕು ಉಳಿಯುತ್ತದೆ. ಹಿತ್ತಾಳೆಯ ಹಿಡಿಗೆ ನಮ್ಮ ಅಡುಗೆಮನೆಯ ಹುಣಸೆಹುಳಿಯೇ ಸಾಕು. ಒರೆಗೆ ಮರದ ಎರಡು ಹೋಳುಗಳನ್ನು ಒಳಗಡೆ ಕೆತ್ತಿ, ಕೂಡಿಸಿ, ಮೇಲೆ ಮಖಮಲ್ಲನ್ನು ಸುತ್ತಬೇಕು. ಇಲ್ಲಿ ಊರಿನ ಆಚಾರಿಯ ಕೈ ಬೇಕಾಗುತ್ತದೆ. ಕುಡುಗೋಲಿಗೆ ಹಿಡಿ ಕೂಡಿಸುವವನಿಗೆ, ಖಡ್ಗದ ತೂಕ ಕೈಯಲ್ಲಿ ಎಲ್ಲಿ ಕೂಡಬೇಕೆಂಬುದನ್ನು ಪುಸ್ತಕ ಓದಿದವರು ಕಲಿಸಬೇಕಾಗಿಲ್ಲ.

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪುಗಾಳಿ: ಕಾರವಾರ, ಅಂಕೋಲೆಗಳಲ್ಲಿ ಉಕ್ಕಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಬೆರಳಿನ ಬೆವರೇ ಅಲಗಿನ ಮೇಲೆ ಕೆಂಪು ಮುದ್ರೆಯೊತ್ತುತ್ತದೆ. ಆದುದರಿಂದ ಮುಟ್ಟಿದಾಗಲೆಲ್ಲ ಒರೆಸಿ, ತೆಳ್ಳಗೆ ಎಣ್ಣೆಯನ್ನೋ ಮೇಣವನ್ನೋ ಹಚ್ಚಬೇಕು. ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿ ಇಡಲೇಕೂಡದು. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಷ್ಟನ್ನು ಕಲಿತ ಕೈ ತುರಿಸತೊಡಗುವುದು ಆಯುಧಪೂಜೆಯ ದಿನ, ದೇವರ ಕೋಣೆಯಿಂದ ಅಜ್ಜನ ಕಾಲದ ನಿಜವಾದ ಕತ್ತಿ ಹೊರಬಂದಾಗ. ಅಪಾಯವಿರುವುದು ಇಲ್ಲಿಯೇ. ತುಕ್ಕು ತೆಗೆಯುವೆನೆಂದು ಅದನ್ನು ಸಾಣೆಯಂತ್ರಕ್ಕೆ ಕೊಟ್ಟರೆ, ಅರೆಗಳಿಗೆಯಲ್ಲಿ ಮೂರು ಶತಮಾನಗಳ ಅಕ್ಷರ, ಮುದ್ರೆ, ಉಕ್ಕಿನ ನೀರುಬಳ್ಳಿ ಎಲ್ಲವೂ ಕಿಡಿಯಾಗಿ ಹಾರಿಹೋಗುತ್ತವೆ.

ಕನ್ನಡದ ಅಧ್ಯಾಪಕನಾದ ನನಗೆ ಇಲ್ಲಿ ತಾಳೆಯೋಲೆಯ ನೆನಪಾಗುತ್ತದೆ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ. ‘ಬಾೞ್’ ಎಂದರೆ ಜೀವಿಸು. ‘ೞ’ಕಾರ ನಮ್ಮ ನಾಲಗೆಯಿಂದ ಮರೆಯಾದ ಮೇಲೆ ಎರಡೂ ಒಂದೇ ಆಗಿ ಕೇಳುತ್ತವೆ. ಓಲೆಯಲ್ಲಿ ಕಂಡ ‘ೞ’ವನ್ನು ತಪ್ಪೆಂದು ಭಾವಿಸಿ ತಿದ್ದುವವನು ಜೀವನವನ್ನು ಅಳಿಸಿ ಖಡ್ಗವನ್ನು ಬರೆದಂತಾಗುತ್ತದೆ. ಬಲ್ಲ ಸಂಪಾದಕನು ಮೂಲವನ್ನು ಇದ್ದಂತೆಯೇ ಇಟ್ಟು, ತನ್ನ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಬರೆಯುತ್ತಾನೆ. ಹಳೆಯ ಖಡ್ಗದ ವಿಷಯದಲ್ಲಿಯೂ ಅದೇ ನಿಯಮ: ಸಡಿಲವಾದ ಧೂಳನ್ನು ಒರೆಸಿರಿ, ಎಣ್ಣೆ ಹಚ್ಚಿರಿ, ಅಲ್ಲಿಗೆ ನಿಲ್ಲಿಸಿರಿ, ಮುಂದಿನದನ್ನು ವಸ್ತುಸಂಗ್ರಹಾಲಯದ ತಜ್ಞರನ್ನು ಕೇಳಿ ಮಾಡಿರಿ. ಪ್ರತಿಕೃತಿಯಾದರೋ ನಮ್ಮ ಅಡಿಟಿಪ್ಪಣಿ. ಊಹೆ, ಕಲ್ಪನೆ, ಕೈಚಳಕಗಳೆಲ್ಲ ಅಲ್ಲಿ ಸಲ್ಲುತ್ತವೆ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1959ರ ಆಯುಧ ಕಾಯಿದೆ ಮತ್ತು 2016ರ ನಿಯಮಗಳು, ಗೃಹಕೃತ್ಯ, ಬೇಸಾಯಗಳಿಗಲ್ಲದ, 9 ಅಂಗುಲಕ್ಕಿಂತ ಉದ್ದವಾದ ಹರಿತ ಅಲಗುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಆದುದರಿಂದ ಮೊಂಡು ಅಲಗನ್ನೇ ಕೊಳ್ಳುವುದು, ಕೊಳ್ಳುವ ಮುನ್ನ ಠಾಣೆಯಲ್ಲಿ ವಿಚಾರಿಸುವುದು, ಮೆರವಣಿಗೆಯಲ್ಲಿ ಝಳಪಿಸದಿರುವುದು ವಿವೇಕ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಪರವಾನಗಿಯಿಲ್ಲದೆ ಹೊರದೇಶಕ್ಕೆ ಕಳುಹಿಸುವುದು 1972ರ ಪುರಾತನ ವಸ್ತುಗಳ ಕಾಯಿದೆಯಂತೆ ಅಪರಾಧ. ಮಕ್ಕಳಿರುವ ಮನೆಯಲ್ಲಿ ಮೊಂಡು ಖಡ್ಗಕ್ಕೂ ಬೀಗವಿರಲಿ.

ಕೊನೆಯದಾಗಿ, ಹವ್ಯಾಸಿಗಳು ಪಾಲಿಸಲೇಬೇಕಾದ ಒಂದು ವ್ರತವುಂಟು. ತಿದ್ದಿದ ಪ್ರತಿಕೃತಿಯ ಅಲಗಿನ ಬಾಲದ ಮೇಲೆ, ಹಿಡಿಯನ್ನು ಕೂಡಿಸುವ ಮುನ್ನ, ತಮ್ಮ ಹೆಸರನ್ನೂ ಇಸವಿಯನ್ನೂ ಚಿಕ್ಕದಾಗಿ ಕೊರೆದಿಡಬೇಕು. ಬೂದುಬಣ್ಣ ಕೊಟ್ಟು ಹಳೆಯದಾಗಿಸಿದ ಖಡ್ಗ ನಾಳೆ ಸಂತೆಯಲ್ಲಿ ಶಿವಾಜಿಯದೆಂದೋ ಸೋದೆಯ ಅರಸರದೆಂದೋ ಮಾರಾಟವಾಗಕೂಡದು. ಐವತ್ತು ವರ್ಷಗಳ ಮೇಲೆ ಮೊಮ್ಮಗನು ಆ ಹಿಡಿಯನ್ನು ಬಿಚ್ಚಿದಾಗ, ಅಲ್ಲಿ ಅವನಿಗೆ ಅಜ್ಜನ ಹೆಸರು ಕಾಣಿಸಲಿ.