ಎಚ್, ಜೆ, ಕೆ, ಎಲ್: ನಾಲ್ಕು ಕೀಗಳ ಹಳೆಯ ಋಣ

ವಿಎಸ್ ಕೋಡ್‌ಗೆ ವಿಮ್ ಎಕ್ಸ್‌ಟೆನ್ಶನ್ ಹಾಕಿಕೊಂಡ ಪ್ರೋಗ್ರಾಮರ್ ಒಬ್ಬರ ಕೈಯನ್ನು ಸ್ವಲ್ಪ ಹೊತ್ತು ಗಮನಿಸಿ. ಬಲಮೂಲೆಯ ಬಾಣದ ಕೀಗಳನ್ನು ಅವರು ಮುಟ್ಟುವುದೇ ಇಲ್ಲ. ಕರ್ಸರ್ ಎಡಕ್ಕೆ ಸರಿಯಬೇಕಾದರೆ ಎಚ್, ಕೆಳಕ್ಕೆ ಜೆ, ಮೇಲಕ್ಕೆ ಕೆ, ಬಲಕ್ಕೆ ಎಲ್. ಕೈ ನಡುಸಾಲು ಬಿಟ್ಟು ಕದಲಬಾರದು, ಅದಕ್ಕೇ ಹೀಗೆ ಎನ್ನುತ್ತಾರೆ. ಆದರೆ ಟೈಪಿಂಗ್ ಕಲಿತವರಿಗೆ ಇಲ್ಲೊಂದು ಎಡವಟ್ಟು ಕಾಣುತ್ತದೆ. ಬಲಗೈಯ ತೋರುಬೆರಳು ಇರಬೇಕಾದ್ದು ಜೆ ಮೇಲೆ, ಎಚ್ ಒತ್ತಬೇಕೆಂದರೆ ಅದು ಪಕ್ಕಕ್ಕೆ ಚಾಚಬೇಕು. ಅನುಕೂಲವನ್ನೇ ಲೆಕ್ಕ ಹಾಕಿ ಆರಿಸಿದ್ದರೆ ಜೆ ಕೆ ಎಲ್ ಮತ್ತು ಅದರಾಚೆಯ ಅರ್ಧವಿರಾಮದ ಕೀಯನ್ನು ಆರಿಸುತ್ತಿದ್ದರು. ಹಾಗಾಗಲಿಲ್ಲ, ಏಕೆಂದರೆ ಯಾರೂ ಕೂತು ಆರಿಸಲೇ ಇಲ್ಲ.

1976ರಲ್ಲಿ ಅಮೆರಿಕದ ಲಿಯರ್ ಸೀಗ್ಲರ್ ಕಂಪನಿ ಎಡಿಎಂ-3ಎ ಎಂಬ ಟರ್ಮಿನಲ್ ಮಾರುಕಟ್ಟೆಗೆ ತಂದಿತು. ಆ ಕಾಲಕ್ಕೆ ಅದು ಅಗ್ಗದ್ದು. ಬಾಣಗಳಿಗೆಂದು ಬೇರೆ ಕೀಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಅಕ್ಷರಗಳ ಜೊತೆಗೇ ಬಾಣದ ಗುರುತು ಅಚ್ಚಾಗಿತ್ತು. ಕಂಟ್ರೋಲ್ ಹಿಡಿದು ಅವನ್ನು ಒತ್ತಬೇಕಿತ್ತು. ಆ ಅಕ್ಷರಗಳೇ ಏಕೆ ಎಂದು ಇನ್ನೂ ಹಿಂದಕ್ಕೆ ಹೋದರೆ ಆಸ್ಕಿ ಸಂಕೇತಪಟ್ಟಿ ಸಿಗುತ್ತದೆ. ಅದರಲ್ಲಿ ಎಂಟನೆಯ ಸಂಕೇತ ಬ್ಯಾಕ್‌ಸ್ಪೇಸ್, ಎಂಟನೆಯ ಅಕ್ಷರ ಎಚ್. ಹತ್ತನೆಯ ಸಂಕೇತ ಲೈನ್ ಫೀಡ್, ಹತ್ತನೆಯ ಅಕ್ಷರ ಜೆ. ಲೈನ್ ಫೀಡ್ ಎಂದರೆ ಟೆಲಿಪ್ರಿಂಟರಿನ ಕಾಗದದ ಸುರುಳಿಯನ್ನು ಒಂದು ಸಾಲು ಮುಂದೆ ತಳ್ಳುವ ಆಜ್ಞೆ. ಇವತ್ತು ಜೆ ಒತ್ತಿದರೆ ಕರ್ಸರ್ ಕೆಳಗಿಳಿಯುವುದು ಯಾವುದೋ ಕಾಲದ ಆ ಕಾಗದದ ಸುರುಳಿಯಿಂದ.

ಅದೇ ಟರ್ಮಿನಲ್‌ನಲ್ಲಿ ಎಸ್ಕೇಪ್ ಕೀ ಇದ್ದದ್ದು ಕ್ಯೂ ಪಕ್ಕದಲ್ಲಿ, ಈಗ ಟ್ಯಾಬ್ ಇರುವ ಜಾಗದಲ್ಲಿ. ಕಂಟ್ರೋಲ್ ಇದ್ದದ್ದು ಈಗಿನ ಕ್ಯಾಪ್ಸ್‌ಲಾಕ್ ಜಾಗದಲ್ಲಿ. ಹೋಮ್ ಎಂದು ಬರೆದಿದ್ದ ಕೀ ಮೇಲೆಯೇ ಅಲೆಯಂಥ ಟಿಲ್ಡೆ ಚಿಹ್ನೆಯೂ ಇತ್ತು. ಯೂನಿಕ್ಸ್‌ನಲ್ಲಿ ಟಿಲ್ಡೆ ಎಂದರೆ ಹೋಮ್ ಡೈರೆಕ್ಟರಿ.

ಈ ಟರ್ಮಿನಲ್ ಮುಂದೆ ಕೂತವರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬಿಲ್ ಜಾಯ್ ಒಬ್ಬರು. ಯೂನಿಕ್ಸ್‌ನ ಮೂಲ ಎಡಿಟರ್ ಇಡಿ, ಕೆನ್ ಥಾಂಪ್ಸನ್ ಬರೆದದ್ದು. ಕೇಳದ ಹೊರತು ಅದು ಕಡತದ ಒಂದು ಸಾಲನ್ನೂ ತೋರಿಸುತ್ತಿರಲಿಲ್ಲ, ತಪ್ಪು ಮಾಡಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಉದುರಿಸಿ ಸುಮ್ಮನಾಗುತ್ತಿತ್ತು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೌಲೌರಿಸ್ ಅದನ್ನು ತಿದ್ದಿ, ತಿದ್ದುತ್ತಿರುವ ಸಾಲು ಪರದೆಯ ಮೇಲೆ ಕಾಣುವಂತೆ ಮಾಡಿದರು. ಕಡತವನ್ನು ನೋಡದೆಯೂ ತಿದ್ದಬಲ್ಲ ಥಾಂಪ್ಸನ್ ಅವರಂಥವರಿಗಲ್ಲ, ಮನುಷ್ಯಮಾತ್ರರಿಗೆ ಎಂಬ ಕೀಟಲೆಯ ಅರ್ಥದಲ್ಲಿ ಅದಕ್ಕೆ ಇಎಂ ಎಂದು ಹೆಸರಿಟ್ಟರು. 1976ರ ಬೇಸಿಗೆಯಲ್ಲಿ ಕೌಲೌರಿಸ್ ಬರ್ಕ್ಲಿಗೆ ಬಂದಾಗ ಅದನ್ನು ಕಂಡ ಜಾಯ್, ಗೆಳೆಯ ಚಕ್ ಹೇಲಿಯ ಜೊತೆ ಮೊದಲು ಅದನ್ನೇ ಬೆಳೆಸಿದರು. ಎಕ್ಸ್ ಎಂಬ ಎಡಿಟರ್ ಹುಟ್ಟಿದ್ದು ಹಾಗೆ. ಅದರ ದೃಶ್ಯರೂಪವೇ ವಿಐ.

ಮನೆಯಿಂದ ಕೆಲಸ ಮಾಡುವಾಗ ಜಾಯ್ ಬಳಸುತ್ತಿದ್ದದ್ದು 300 ಬಾಡ್ ಮೋಡೆಮ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಪರದೆ ಪೂರ್ತಿ ತುಂಬಲು ಒಂದು ನಿಮಿಷಕ್ಕೂ ಮಿಗಿಲು. ಇಂಥ ಸ್ಥಿತಿಯಲ್ಲಿ ಒಂದು ಕೀ ಉಳಿದರೂ ಲಾಭವೇ. ಎರಡು ಸಲ ಡಿ ಒತ್ತಿದರೆ ಸಾಲು ಮಾಯ. ಸಿ ಮತ್ತು ಡಬ್ಲ್ಯೂ ಒತ್ತಿದರೆ ಪದ ಹೋಗಿ ಹೊಸದನ್ನು ಬರೆಯಲು ಜಾಗ ಸಿದ್ಧ. ಅಕ್ಷರಗಳೇ ಆಜ್ಞೆಗಳಾದ ಮೇಲೆ ಬರೆಯುವುದಕ್ಕೆ ಬೇರೆ ಸ್ಥಿತಿ ಬೇಕು, ಅದರಿಂದ ಹೊರಬರಲು ಎಸ್ಕೇಪ್. ಕಿರುಬೆರಳಿಗೆ ಸಿಗುತ್ತಿದ್ದ ಆ ಕೀ ಮುಂದೆ ಕೀಬೋರ್ಡಿನ ತುತ್ತತುದಿಗೆ ಹೋಗಿ ಕೂತಿತು. ವಿಐಯ ಇಂದಿನ ರೂಪವಾದ ವಿಮ್ ಬಳಸುವವರು ಮೊದಲು ಮಾಡಿಕೊಳ್ಳುವ ಬದಲಾವಣೆಗಳಲ್ಲಿ ಕ್ಯಾಪ್ಸ್‌ಲಾಕನ್ನು ಎಸ್ಕೇಪ್ ಮಾಡುವುದೂ ಒಂದು. ಇದನ್ನು ಹೊಸ ಸುಧಾರಣೆ ಎಂದು ಹೇಳಿಕೊಳ್ಳುತ್ತಾರೆ, ನನಗೇನೋ ಇದು ಕಳೆದುಕೊಂಡದ್ದನ್ನು ವಾಪಸ್ ಪಡೆದದ್ದು ಎನಿಸುತ್ತದೆ.

ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಅದೇ ಹೊತ್ತಿಗೆ ಸಮಸ್ಯೆ ಉಲ್ಟಾ ಆಗಿತ್ತು. ಅಲ್ಲಿನ ಟೆಕೋ ಎಡಿಟರ್‌ಗೆ ರಿಚರ್ಡ್ ಸ್ಟಾಲ್ಮನ್ ಒಂದು ಸೌಲಭ್ಯ ಸೇರಿಸಿದ್ದರು: ಯಾವ ಕೀಗೆ ಬೇಕಾದರೂ ಯಾವ ಮ್ಯಾಕ್ರೋವನ್ನಾದರೂ ಕಟ್ಟಬಹುದು. ಎಲ್ಲರೂ ತಮತಮಗೆ ಬೇಕಾದಂತೆ ಕಟ್ಟಿಕೊಂಡರು. ಪರಿಣಾಮ, ಪಕ್ಕದವರ ಟರ್ಮಿನಲ್‌ನಲ್ಲಿ ಕೂತು ಒಂದು ಸಾಲು ತಿದ್ದಿಕೊಡುವುದಕ್ಕೂ ಆಗದ ಪರಿಸ್ಥಿತಿ. ಗೈ ಸ್ಟೀಲ್ ಈ ಚೆಲ್ಲಾಪಿಲ್ಲಿಯನ್ನು ಒಂದು ಕ್ರಮಕ್ಕೆ ತರಲು ಹೊರಟರು, ಸ್ಟಾಲ್ಮನ್ ಮುಗಿಸಿದರು. 1976ರ ಆ ಮ್ಯಾಕ್ರೋ ಕಟ್ಟೇ ಈಮ್ಯಾಕ್ಸ್. ತಮಾಷೆಯೆಂದರೆ, ಎಲ್ಲರಿಗೂ ಒಂದೇ ಇರಲಿ ಎಂದು ಹುಟ್ಟಿದ ಈಮ್ಯಾಕ್ಸ್ ಈಗ ಯಾರಿಬ್ಬರ ಬಳಿಯೂ ಒಂದೇ ತರಹ ಇರುವುದಿಲ್ಲ. ಮುಂದೆ ಬಂದ ಗ್ನೂ ಈಮ್ಯಾಕ್ಸ್‌ನಲ್ಲಿ ಲಿಸ್ಪ್ ಭಾಷೆಯನ್ನೇ ಒಳಗಿಟ್ಟಿದ್ದರಿಂದ ಅದರ ಯಾವ ಮೂಲೆಯನ್ನೂ ಬಿಚ್ಚಿ ಬೇರೆ ಜೋಡಿಸಬಹುದು. ಕಂಟ್ರೋಲ್ ಕೀ ಜಾಗ ಬದಲಾದ ಕೀಬೋರ್ಡುಗಳಲ್ಲಿ ಅದನ್ನು ಬಳಸಿ ಎಡಗೈ ಕಿರುಬೆರಳು ನೋಯಿಸಿಕೊಂಡವರೂ ಇದ್ದಾರೆ.

ಇಂಥ ಹೊಂದಾಣಿಕೆಗಳೆಲ್ಲ ಚುಕ್ಕೆಯಿಂದ ಶುರುವಾಗುವ ಹೆಸರಿನ ಕಡತಗಳಲ್ಲಿ ಅಡಗಿರುತ್ತವೆ. ಅಡಗಿಸುವ ಯೋಜನೆಯೇನೂ ಇರಲಿಲ್ಲ. ಕಡತಪಟ್ಟಿ ತೋರಿಸುವ ಆಜ್ಞೆ 'ಈ ಡೈರೆಕ್ಟರಿ', 'ಮೇಲಿನ ಡೈರೆಕ್ಟರಿ' ಎಂಬರ್ಥದ ಒಂಟಿ ಚುಕ್ಕೆ, ಜೋಡಿ ಚುಕ್ಕೆಗಳನ್ನು ಬಿಡಬೇಕಿತ್ತು. ಬರೆದವರು ಮೊದಲ ಅಕ್ಷರ ಚುಕ್ಕೆಯೇ ಎಂದಷ್ಟೇ ನೋಡಿ ಕೈತೊಳೆದುಕೊಂಡರು. ಅದರಿಂದ ಚುಕ್ಕೆಯಿಂದ ಶುರುವಾಗುವ ಎಲ್ಲ ಕಡತಗಳೂ ಕಣ್ಮರೆಯಾದವು ಎಂದು ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಬರೆದಿದ್ದಾರೆ.

ವಿಐಯನ್ನು ನಮ್ಮ ಕಾಲಕ್ಕೆ ದಾಟಿಸಿದವರು ನೆದರ್ಲೆಂಡ್ಸಿನ ಬ್ರಾಮ್ ಮೋಲೆನಾರ್. ತಮ್ಮ ಅಮಿಗಾ ಕಂಪ್ಯೂಟರಿಗೆ ಸರಿಯಾದ ವಿಐ ಇಲ್ಲವೆಂದು 1988ರಲ್ಲಿ ಕೈಹಾಕಿದ ಕೆಲಸ 1991ರಲ್ಲಿ ವಿಮ್ ಎಂದು ಹೊರಬಂತು. 2023ರ ಆಗಸ್ಟ್ 3ರಂದು ತೀರಿಕೊಳ್ಳುವವರೆಗೂ ಅದನ್ನು ಅವರೇ ನೋಡಿಕೊಂಡರು. ವಿಮ್‌ಗೆ ದುಡ್ಡು ಕೊಡಬೇಕಿಲ್ಲ, ಕೊಡುವ ಮನಸ್ಸಿದ್ದರೆ ಉಗಾಂಡದ ಮಕ್ಕಳಿಗೆ ಕೊಡಿ ಎಂಬ ಅವರ ವಿನಂತಿ, ವಿಮ್ಮನ್ನು ಕಡತವಿಲ್ಲದೆ ತೆರೆದಾಗ ಕಣ್ಣಿಗೆ ಬೀಳುತ್ತಿತ್ತು.

2015ರಲ್ಲಿ ಮೈಕ್ರೋಸಾಫ್ಟ್ ವಿಎಸ್ ಕೋಡ್ ತಂದಿತು. ಬಣ್ಣದ ಥೀಮು, ಫಾಂಟು, ಸಾಲಿನ ಅಂತರ ಎಲ್ಲ ನಾಲ್ಕು ಕ್ಲಿಕ್ಕಿನ ಮಾತಾಯಿತು. ಅದಕ್ಕಿಂತ ದೊಡ್ಡ ಕೆಲಸ ಮರುವರ್ಷದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್. ಅದಕ್ಕೂ ಮೊದಲು ಪೈಥಾನ್ ತಿಳಿಯುವ ಬುದ್ಧಿಯನ್ನು ಪ್ರತಿ ಎಡಿಟರ್‌ಗೂ ಬೇರೆ ಬೇರೆ ಕಲಿಸಬೇಕಿತ್ತು. ಈಗ ಒಂದು ಭಾಷೆಗೆ ಒಂದು ಸರ್ವರ್ ಬರೆದರೆ ವಿಮ್, ಈಮ್ಯಾಕ್ಸ್ ಸಹಿತ ಎಲ್ಲವೂ ಅದನ್ನೇ ಕೇಳುತ್ತವೆ. ನಿಜವಾದ ವೇಗ ಸಿಕ್ಕಿದ್ದು ಇಲ್ಲಿ. ಉಳಿದ ಬಹುಪಾಲು ಕಾನ್ಫಿಗರೇಶನ್ ವೇಗದ ಹೆಸರಿನಲ್ಲಿ ನಡೆಯುವ ಚಟ. ಭಾನುವಾರ ಪೂರ್ತಿ ಥೀಮ್ ಬದಲಿಸುತ್ತ ಕಳೆದವರು ಸೋಮವಾರ ಹೆಚ್ಚು ಕೋಡ್ ಬರೆದದ್ದನ್ನು ನಾನು ಕಂಡಿಲ್ಲ. ಕಣ್ಣಿಗೆ, ಮಣಿಕಟ್ಟಿಗೆ ಹಿತವಾಗುವುದು ಮಾತ್ರ ಸುಳ್ಳಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಈ ಋಣ ಬೇರೆ ಥರ ತಾಗುತ್ತದೆ. ನುಡಿ ಕೀಬೋರ್ಡ್ ಚಾಲೂ ಇದ್ದಾಗ ವಿಮ್‌ನಲ್ಲಿ ಸಾಲು ಅಳಿಸಲು ಎರಡು ಸಲ ಡಿ ಒತ್ತಿ ನೋಡಿ: ಎಡಿಟರ್‌ಗೆ ತಲುಪುವುದು ದ, ಸಾಲು ಇದ್ದಲ್ಲೇ ಇರುತ್ತದೆ. ಇದಕ್ಕೆ ವಿಮ್‌ನಲ್ಲೇ ಮದ್ದಿದೆ. ಬರೆಯುವ ಸ್ಥಿತಿಯಲ್ಲಷ್ಟೇ ಕೀಗಳು ಬೇರೆ ಅಕ್ಷರ ಕೊಟ್ಟು, ಎಸ್ಕೇಪ್ ಒತ್ತಿದೊಡನೆ ಮತ್ತೆ ಇಂಗ್ಲಿಷ್ ಆಗುವಂತೆ ಕೀಮ್ಯಾಪ್ ಹೊಂದಿಸಿಕೊಳ್ಳಬಹುದು. ಈಮ್ಯಾಕ್ಸ್‌ನಲ್ಲಿ ಕನ್ನಡದ ಇನ್‌ಪುಟ್ ವಿಧಾನ ಜೊತೆಗೇ ಬರುತ್ತದೆ. ಜಗತ್ತಿನ ಭಾಷೆಗಳ ನಮಸ್ಕಾರಗಳನ್ನು ಕೂಡಿಟ್ಟ ಅದರ ಕಡತದಲ್ಲಿ ನಮ್ಮದೂ ಇದೆ. ಅಂಟಿಕೊಂಡೇ ಇರುವುದು ಟರ್ಮಿನಲ್ಲಿನ ಚೌಕಗಳ ಸಮಸ್ಯೆ. 80 ಅಕ್ಷರದ ಸಾಲಿನ ಕಾಲದಿಂದಲೂ ಟರ್ಮಿನಲ್ ಪರದೆಯನ್ನು ಸಮ ಅಗಲದ ಚೌಕಗಳಾಗಿಯೇ ನೋಡುತ್ತದೆ. 'ಸ್ತ್ರೀ' ನಮಗೆ ಒಂದಕ್ಷರ, ಯೂನಿಕೋಡ್‌ಗೆ ಆರು ಸಂಕೇತ. ಅದಕ್ಕೆಷ್ಟು ಚೌಕ ಕೊಡಬೇಕೆಂಬುದರಲ್ಲಿ ಟರ್ಮಿನಲ್ಲಿಗೂ ಎಡಿಟರ್‌ಗೂ ತಾಳೆಯಾಗದೆ ಒತ್ತಕ್ಷರ ಪಕ್ಕದ ಅಕ್ಷರದ ಮೇಲೆ ಬೀಳುತ್ತದೆ, ಕರ್ಸರ್ ಎಲ್ಲೋ ನಿಲ್ಲುತ್ತದೆ. ಕನ್ನಡ ಕಡತ ತಿದ್ದುವ ಬಹಳಷ್ಟು ಮಂದಿ ಅಷ್ಟು ಹೊತ್ತಿಗೆ ಟರ್ಮಿನಲ್ ಬಿಟ್ಟು ಬೇರೆ ಕಿಟಕಿಗೆ ಹೋಗುತ್ತಾರೆ.